ಬೀಗರಿಗೆ ತಂದ ನೀರು

ಮೊನ್ನೆ ಪಕ್ಕದ ಮನೆಯ ಕಾಕು ಒಂದು ಕೌದಿಯ ಗಂಟು ತಂದು, ಮಗಳಿಗೆ ಬೇಕಾದೀತು ಎಂದು ನನ್ನ ಕೈಗಿಟ್ಟರು. ಬಿಚ್ಚುವ ಮೊದಲೇ ಎಂಥದೋ ಔಷಧದ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಳಗೇನಿದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕಾಕುವಿನ ಯಜಮಾನರು, ನಮ್ಮೂರ ಸಾಲೆಯ ವಿಜ್ಞಾನದ ಮಾಸ್ತರರು, ತೀರಿಹೋಗಿ ಆರು ವರ್ಷವಾಯಿತು...

ನಿವೃತ್ತಿಯಾದ ವರ್ಷ ಅವರು ಇಂಡಿ ಪಟ್ಟಣದಲ್ಲಿ ಮುಚ್ಚಿಹೋದ ಒಂದು ಲ್ಯಾಬಿನಿಂದ ಗಂಟಿನೊಳಗಿನ ಆ ಹಳೇ ಯಂತ್ರ ಕೊಂಡು, ಇದೇ ಕೌದಿಯಲ್ಲಿ ಸುತ್ತಿ, ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಹೂವಿನ ಹಿಪ್ಪರಗಿಗೆ ತಂದಿದ್ದರು. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಬಣ್ಣ ನೋಡಿ ಹೇಳುವ ಯಂತ್ರ. ಕಾಕುವಿನ ಹೊಲಿಗೆ ಮಷಿನ್ ಪಡಸಾಲೆಯ ಮೂಲೆ ಬಿಟ್ಟುಕೊಡಬೇಕಾಯಿತು. ಮೇಜು ಅಲುಗದಂತೆ ಕಾಲಿನ ಕೆಳಗೆ ಒಡೆದ ಸ್ಲೇಟು ಪಾಟಿಯ ಚೂರು ಕೊಟ್ಟರು, ಹಳೆ ಟಿವಿಯ ಸ್ಟೆಬಿಲೈಸರ್ ಹಚ್ಚಿದರು, ಮುಳ್ಳನ್ನು ಸೊನ್ನೆಗೆ ತರಲು ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದರು. ಗಾಜಿನ ನಳಿಗೆ ಒರೆಸಲು ಕಾಕುವಿನ ಮೆತ್ತನೆಯ ಸೀರೆಯೊಂದು ಹರಿಯಿತು. ಮಾಸ್ತರರಿಗೆ ಮುಪ್ಪಿನಲ್ಲಿ ಆಟಿಕೆ ಸಿಕ್ಕಿದೆ ಎಂದು ಓಣಿ ನಕ್ಕಿತು. ನಾನೂ ನಕ್ಕೆ.

ಅವರಿಗೆ ಅದು ಆಟವಾಗಿರಲಿಲ್ಲ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದ ಮಕ್ಕಳನ್ನು ಮೂವತ್ತು ವರ್ಷ, ಇಡೀ ವರ್ಗದ ಮುಂದೆ, ಹಲ್ಲು ತಿಕ್ಕುವುದಿಲ್ಲವೇ ಎಂದು ಬೈದಿದ್ದರಂತೆ. ತಪ್ಪು ಮಕ್ಕಳದಲ್ಲ, ನೀರಿನದು ಎಂದು ತಡವಾಗಿ ತಿಳಿದು ಬಹಳ ನೊಂದುಕೊಂಡಿದ್ದರು. ಓಣಿಯ ಪ್ರತಿ ಬೋರಿನ ನೀರು ನೋಡಿ, ಕುಡಿಯಬಹುದೋ ಬಾರದೋ ಎಂದು ಚೀಟಿ ಬರೆದುಕೊಡಬೇಕು, ಅಷ್ಟೇ ಅವರ ಆಸೆ.

ನಮ್ಮ ಮನೆಗೂ ಖಾಲಿ ಬಾಟಲಿ ಬಂತು. ಅಂದು ಬೀಗರು ಬಂದಿದ್ದರು, ಅವರಿಗೆಂದೇ ಒಂದು ಕೊಡ ಫಿಲ್ಟರ್ ನೀರು ತರಿಸಿದ್ದೆವು. ನಾವು ಕುಡಿಯುತ್ತಿದ್ದುದು ಬೋರಿನದು, ಮಾಸ್ತರರು ಕೇಳಿದ್ದೂ ಅದನ್ನೇ. ನನಗೆ ಯಾವ ಬುದ್ಧಿ ಬಂತೋ... ಅಷ್ಟು ಓದಿದವರ ಮನೆಗೆ ಸವಳು ನೀರು ಕಳಿಸುವುದು ಹೇಗೆ? ನಮ್ಮ ಮನೆ ನೀರು ಕೆಟ್ಟದ್ದೆಂದು ನಾಳೆ ಓಣಿಯಲ್ಲಿ ಡಂಗುರವಾದರೆ ಮುಖ ಎಲ್ಲಿಡುವುದು? ಬೀಗರ ಕೊಡದಿಂದಲೇ ಬಾಟಲಿ ತುಂಬಿಸಿ ಕಳಿಸಿದೆ.

ಮರುದಿನ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಅವರ ಬೋರಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಅವರದು ವಿಷ, ನಮ್ಮದು ಅಮೃತ ಎಂದು ಯಂತ್ರ ತೋರಿಸಿತ್ತು.

"ತಂಗಿ, ಅದು ನಿಮ್ಮ ಬೋರಿನ ನೀರ ಹೌದಿಲ್ಲೋ?"

ಅತ್ತೆ, ಬೀಗರು ಎಲ್ಲ ಅಲ್ಲೇ ಕುಳಿತಿದ್ದರು. "ಹೌದ್ರಿ ಸರ್" ಎಂದೆ.

"ನೀ ಯಾಕ ಸುಳ್ಳು ಹೇಳ್ತಿ ಬಿಡು ತಂಗಿ. ಮಷಿನ್ನ ಸುಳ್ಳು ಹೇಳಾಕತ್ತೈತಿ" ಎಂದು ಮೆಲ್ಲಗೆ ತಿರುಗಿ ಹೋದರು.

ಬರೆದಿಟ್ಟ ಚೀಟಿಗಳನ್ನೆಲ್ಲ ಹರಿದು ಹಾಕಿದರಂತೆ. ಯಂತ್ರ ಕೌದಿ ಸೇರಿತು, ಹೊಲಿಗೆ ಮಷಿನ್ ಮೂಲೆಗೆ ಮರಳಿತು. ಓಣಿ ಅದೇ ನೀರು ಕುಡಿಯಿತು, ನಾವೂ ಕುಡಿದೆವು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ವರ್ಷಗಳು ಹೋದವು, ಮಾಸ್ತರರೂ ಹೋದರು... ಆಗ ನಾಲ್ಕು ವರ್ಷದವಳಿದ್ದ ನನ್ನ ಮಗಳು ಈಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಮೊನ್ನೆ ಗಂಟು ಬಿಚ್ಚುತ್ತ ಕಾಕುವಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಕಾಕು ಕೌದಿಯ ಅಂಚು ಮಡಚುತ್ತ ಹೇಳಿದರು.

"ಕೆಟ್ಟ ಮಷಿನ್ ತಂದೆ ಅಂತ ಸಾಯೂತನಕ ತಮ್ಮನ್ನ ತಾವ ಬೈಕೊಂಡ್ರವ್ವಾ. ನಿನ್ನ ಮ್ಯಾಲೆ ಒಮ್ಮಿನೂ ಸಂಶೆ ಪಡಲಿಲ್ಲ."

ಅದರ ಬದಲು ಕಾಕು ನನ್ನನ್ನು ಎರಡು ಮಾತು ಬೈದಿದ್ದರೇ ಚೆನ್ನಾಗಿತ್ತು.

ಮಗಳು ಕಾಲೇಜಿನಿಂದ ಕೆಂಪು ದ್ರಾವಣ ತಂದು ಯಂತ್ರ ಹೂಡಿದಳು. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ತಿಳಿಯಾಗುತ್ತದಂತೆ. ನಮ್ಮ ಬೋರಿನ ನೀರು ಬೆರೆಸಿದಳು, ಕೆಂಪು ತಿಳಿಯಾಯಿತು. ಗಂಟಿನಲ್ಲಿದ್ದ ಮಾಸ್ತರರ ನೋಟ್‌ಬುಕ್ಕಿನಲ್ಲಿ ಅವರ ಬೋರಿನ ಮುಂದಿದ್ದ ಅಂಕಿಯೇ ಹೆಚ್ಚುಕಡಿಮೆ ನಮ್ಮದಕ್ಕೂ ಬಂತು. ನಮ್ಮ ಮನೆಯ ಸಾಲಿನಲ್ಲಿ ಅವರು ಬರೆದಿದ್ದ ಸೊನ್ನೆಯನ್ನು ಹೊಡೆದು, ಪಕ್ಕದಲ್ಲಿ ನಿಜವಾದದ್ದನ್ನು ಬರೆದೆ. ಅವರ ಯಂತ್ರ ಸುಳ್ಳು ಹೇಳಿರಲಿಲ್ಲ. ಹಾಗೆಂದು ಹೇಳಲು ಈಗ ಅವರಿಲ್ಲ.