ರೆಕ್ಕೆಯ ಬಟ್ಟೆ ಹರಿದ ದಿನ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಗೋಣಿಕೊಪ್ಪಲಿನಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎಸ್ಟೇಟಿನ ಒಡೆಯರಾದ ಸಾಹುಕಾರರ ತಮ್ಮ ವಾಯುಪಡೆ ಬಿಟ್ಟು ಬಂದವರು, ಹಳೆಯದೊಂದು ಎರಡು ಸೀಟಿನ ತೆರೆದ ವಿಮಾನ ತಂದಿಟ್ಟುಕೊಂಡಿದ್ದರು. ಮೇಲೊಂದು ಕೆಳಗೊಂದು ಮರದ ಚೌಕಟ್ಟಿನ ಜೋಡಿ ರೆಕ್ಕೆ, ಅದರ ಮೇಲೆ ಬಿಗಿದು ಹೊಲಿದ ಬಟ್ಟೆ. ಕುಯ್ಲು ಮುಗಿದ ಗದ್ದೆಯ ಬದು ಕಡಿಸಿ, ಅಲ್ಲಿಂದ ಹಾರಿಸುತ್ತಿದ್ದರು.

ಒಂದು ಬೆಳಿಗ್ಗೆ ಸಾಹುಕಾರರು ಕರೆದರು. "ಮೇಲಿಂದ ನೋಡಿದ್ರೆ ನೆರಳುಮರ ಎಲ್ಲೆಲ್ಲಿ ಬೋಳಾಗಿದೆ ಅಂತ ಗೊತ್ತಾಗ್ತದೆ. ತಮ್ಮನ ಜೊತೆ ಹೋಗಿ ಗುರುತು ಮಾಡ್ಕೊಂಡು ಬನ್ನಿ, ರೈಟ್ರೇ."

ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕೂಲಿಲೈನಿನ ಆಳುಗಳೆಲ್ಲ ನೋಡುತ್ತ ನಿಂತಿದ್ದರು.

ನನ್ನದು ಮುಂದಿನ ಸೀಟು, ಸಾಹುಕಾರರ ತಮ್ಮನದು ಹಿಂದಿನದು. ನನ್ನ ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದರು. ಅವರ ಮುಂದಿದ್ದಂಥದೇ ಒಂದು ಹಿಡಿಕೋಲು ನನ್ನ ಮೊಣಕಾಲುಗಳ ನಡುವೆಯೂ ಇತ್ತು. ಅದನ್ನು ಮುಟ್ಟಬಾರದು ಎಂದರು. ಮಾತಾಡಲು ಒಂದು ರಬ್ಬರ್ ಕೊಳವೆ ಕೊಟ್ಟರು.

ತೋಟದ ಮೇಲೆ ಎರಡು ಸುತ್ತು ಬಂದಿರಬೇಕು, ಎಡಗಡೆ ಚರ್ರೆಂದಿತು. ಮೇಲಿನ ರೆಕ್ಕೆಯ ಬಟ್ಟೆ ಗೇಣುದ್ದ ಬಾಯಿ ಬಿಟ್ಟಿತ್ತು. ನೋಡನೋಡುತ್ತ ಮೊಳವಾಯಿತು, ಮಾರಾಯಿತು. ಒಳಗಿನ ತೆಳು ಪಟ್ಟಿಯೊಂದು ಲಟಕ್ಕನೆ ಮುರಿದು ನನ್ನ ಕಿವಿಯ ಪಕ್ಕ ಹಾರಿಹೋಯಿತು. ವಿಮಾನ ಎಡಕ್ಕೆ ವಾಲಿತು.

"ಬಟ್ಟೆ ಹರೀತಾ ಉಂಟು!" ಎಂದು ಕೊಳವೆಯೊಳಗೆ ಕೂಗಿದೆ.

"ಕಾಣ್ತಾ ಉಂಟು. ಅಲ್ಲಾಡಬೇಡಿ."

ಎಲ್ಲಿಗೆಂದು ಅಲ್ಲಾಡಲಿ? ಏಳುವಂತಿಲ್ಲ, ತಿರುಗಿ ಅವರ ಮುಖ ನೋಡುವಂತೆಯೂ ಇಲ್ಲ. ಉಸಿರೆಳೆದಾಗಲೆಲ್ಲ ಪಟ್ಟಿ ಇನ್ನಷ್ಟು ಬಿಗಿಯಾದಂತಾಗುತ್ತಿತ್ತು. ಕಣ್ಣು ಮುಚ್ಚಿದರೆ ಹರಿಯುವ ಸದ್ದು, ತೆರೆದರೆ ಹರಿಯುತ್ತಿರುವ ರೆಕ್ಕೆ.

"ನನ್ನೊಬ್ಬನ ಕೈಲಿ ಆಗ್ತಾ ಇಲ್ಲ," ಕೊಳವೆಯಲ್ಲಿ ಅವರ ದನಿ ಬಂತು. "ಕೋಲು ಹಿಡೀರಿ. ಬಲಕ್ಕೆ ಒತ್ತಿ. ಬಿಡಬೇಡಿ ಮಾರಾಯ್ರೆ!"

ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಹೊರಟ ಗದ್ದೆಯವರೆಗೆ ಹೋಗಲಾಗಲಿಲ್ಲ. ಹತ್ತಿರ ಸಿಕ್ಕಿದ, ಇನ್ನೂ ನೀರಾರದ ಗದ್ದೆಗೆ ಇಳಿಸಿದರು. ಗಾಲಿ ಬದುವಿಗೆ ಬಡಿದು ವಿಮಾನ ಮಗುಚಿತು.

ತಲೆ ಕೆಳಗಾಗಿ ನೇತಾಡುತ್ತಿದ್ದೆ. ಪೆಟ್ರೋಲಿನ ವಾಸನೆ ಏರುತ್ತಿತ್ತು. ಮೈಭಾರವೆಲ್ಲ ಪಟ್ಟಿಯ ಮೇಲೆ ಬಿದ್ದು ಅದರ ಕೊಂಡಿ ಬಿಚ್ಚಲೊಲ್ಲದು. ಅವರು ಹೇಗೋ ಹೊರಗೆ ಬಿದ್ದಿದ್ದರು. ಮುರಿದ ಕೈ ಹಿಡಿದುಕೊಂಡು ಕೂಗುತ್ತಿದ್ದರು. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಕೆಳಗೆ ತೆವಳಿದಳು.

"ತಲೆ ಹಿಡ್ಕೊಳ್ಳಿ ಅಯ್ಯಾ," ಎಂದು ಕುಡುಗೋಲಿನಿಂದ ಪಟ್ಟಿ ಕೊಯ್ದಳು. ನಾನು ಕೆಸರಿಗೆ ಬಿದ್ದೆ. ಕಾಲು ಹಿಡಿದು ಎಳೆದು ಹಾಕಿದಳು.

ಆಸ್ಪತ್ರೆಯಲ್ಲಿ ಸಾಹುಕಾರರ ತಮ್ಮನದು ಪಕ್ಕದ ಮಂಚ. ಎರಡನೆಯ ದಿನ ಅವರೇ ಬಾಯಿಬಿಟ್ಟರು.

"ಮಳೆಗಾಲದಲ್ಲೇ ಆ ಹೊಲಿಗೆ ಸಡಿಲ ಆಗಿತ್ತು. ತೇಪೆ ಅಂಟಿಸಿದ್ದೆ. ಸಾಕು ಅಂದ್ಕೊಂಡೆ."

"ಹೇಳಬೇಕಿತ್ತು ನೀವು."

"ಹೇಳಿದ್ರೆ ನೀವು ಹತ್ತುತ್ತಿರಲಿಲ್ಲ."

ಹತ್ತುತ್ತಿದ್ದೆ. ಸಾಹುಕಾರರು ಹೇಳಿದ ಮೇಲೆ ಹತ್ತಲೇಬೇಕಿತ್ತು. ಅದು ಹೊಳೆದಾಗ ಅವರ ಮೇಲಿದ್ದ ಸಿಟ್ಟಿಗಿಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ತಿಂಗಳೇ ಕೆಲಸ ಬಿಟ್ಟು ಮಡಿಕೇರಿಯ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿದೆ. ಅಲ್ಲಿನ ಚಳಿಯಲ್ಲೂ, ಎದೆಯ ಮೇಲೆ ಆ ಪಟ್ಟಿಯಂತೆ ಬಿಗಿಯುವ ಕೋಟಿನ ಗುಂಡಿ ಹಾಕಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.