ಚಿಕ್ಕಮ್ಮನ ಚೌಕಳಿ ಅಂಗಿ

ಮಹಡಿಯ ಕುಂಡದಲ್ಲಿ ಟೊಮೆಟೊ ಗಿಡದ ಒಣಗಿದ ಎಲೆ ಕೀಳುತ್ತಿದ್ದೆ. ಆ ಗಿಡದ ಘಾಟು ನಿಮಗೂ ಗೊತ್ತಿರಬಹುದು. ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗದು. ಮೂಗಿಗೆ ಬೆರಳು ಹಿಡಿದದ್ದೇ ತಡ, ತಾಯಲೂರಿನ ನಮ್ಮ ಚಿಕ್ಕಮ್ಮ ಕಣ್ಣೆದುರಿಗೆ ಬಂದು ನಿಂತಳು, ಸೊಂಟದ ಮೇಲೆ ಕೈ ಇಟ್ಟುಕೊಂಡು.

ಹೋದ ವರ್ಷ ನನ್ನ ಗೆಳತಿಯೊಬ್ಬಳು ನಮ್ಮ ಕಡೆಯ ರೈತ ಹೆಂಗಸರ ಫೋಟೋ ತೆಗೆದು ಕೋಲಾರದಲ್ಲಿ ಪ್ರದರ್ಶನಕ್ಕಿಟ್ಟಳು. ಪ್ರತಿ ಫೋಟೋದ ಕೆಳಗೆ ಒಂದು ಸಾಲು ಬರೆಯುವ ಕೆಲಸ ನನ್ನದು. ನಾನು ಕನ್ನಡ ಟೀಚರು ನೋಡಿ, ಬರೆ ಅಂದರೆ ಸಾಕು, ಮೈಮೇಲೆ ಬರುತ್ತದೆ.

ಅದರಲ್ಲಿ ಚಿಕ್ಕಮ್ಮನದೂ ಒಂದಿತ್ತು. ತೋಟದ ನಡುವೆ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತಿದ್ದಾಳೆ. ಹಿಂದೆ ಕೋಲಿಗೆ ಕಟ್ಟಿದ ಟೊಮೆಟೊ ಗಿಡಗಳ ಸಾಲು. ಸೊಪ್ಪಿನ ರಸ ಹತ್ತಿ ಕಪ್ಪಾದ ಬೆರಳುಗಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಚೌಕಳಿ ಅಂಗಿ. ಭುಜ ಇಳಿಬಿದ್ದಿದೆ, ತೋಳು ಮಡಚಿದರೂ ಉದ್ದ. ನಾನು ಪತ್ತೇದಾರನ ಹಾಗೆ ಓದಿದೆ: ಅಳತೆ ಅವಳದಲ್ಲ, ಅಂದಮೇಲೆ ಚಿಕ್ಕಪ್ಪನದು. ಚಿಕ್ಕಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ‘ಅಗಲಿದ ಗಂಡನ ಅಂಗಿಯೇ ಇವಳಿಗೆ ಆಸರೆ’ ಎಂದು ಬರೆದು, ಬರೆದದ್ದಕ್ಕೆ ನಾನೇ ಕಣ್ಣೊರೆಸಿಕೊಂಡೆ.

ಪ್ರದರ್ಶನದ ದಿನ ಚಿಕ್ಕಮ್ಮ ಬಸ್ಸು ಹತ್ತಿ ಬಂದಳು. ಏಳನೇ ಕ್ಲಾಸಿನವರೆಗೆ ಓದಿದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ನಾನು ಹೊಗಳಿಕೆಗೆ ಕಾದು ನಿಂತೆ.

“ಏಮೇ, ಯಾರ್ ಹೇಳಿದ್ರೇ ನಿಂಗೆ, ಇದು ನಿಮ್ ಚಿಕ್ಕಪ್ಪನ ಅಂಗಿ ಅಂತ?”

ನಾನು ಫೋಟೋದಲ್ಲಿನ ಉದ್ದ ತೋಳಿನ ಕಡೆ ಬೆರಳು ತೋರಿಸಿದೆ.

“ಅವನು ಇರೋವರ್ಗೂ ಅಂಗಿ ಹಾಕ್ಕೊಳ್ಳೋಕೆ ಬಿಟ್ನಾ? ಗಂಡುಬೀರಿ ಥರ ಕಾಣ್ತೀಯ ಅನ್ನೋನು. ಬಿಸ್ಲಲ್ಲಿ ಕೈ ಸುಟ್ಕೊಂಡೆ, ಸೊಪ್ಪು ತಾಗಿ ಮೈಯೆಲ್ಲ ನವೆ ಬರಿಸ್ಕೊಂಡೆ. ಇದು ಮುಳಬಾಗಿಲು ಸಂತೇಲಿ ನಾನೇ ಆರಿಸಿ ತಗೊಂಡಿದ್ದು. ಗಾಳಿ ಆಡ್ಲಿ ಅಂತ ದೊಡ್ಡದೇ ಕೇಳಿ ಈಸ್ಕೊಂಡೆ.”

ಜನ ತಿರುಗಿ ನೋಡತೊಡಗಿದರು. ನಾನು ಮೆಲ್ಲಗೆ, “ಹೋಗ್ಲಿ ಬಿಡು ಚಿಕ್ಕಮ್ಮ, ನೋಡೋರ ಮನಸ್ಸಿಗೆ ತಟ್ಟುತ್ತೆ” ಎಂದೆ.

“ಅವರ ಮನಸ್ಸಿಗೆ ತಟ್ಲಿ ಅಂತ ನಾನು ಗೋಡೆ ಮೇಲೆ ಅಳ್ತಾ ನೇತಾಡ್ಬೇಕೇನೇ? ಅವನ ಮೇಲೆ ಪ್ರೀತಿ ಇರ್ಲಿಲ್ಲ ಅಂತಲ್ಲ. ಅಂಗಿ ಮಾತ್ರ ನಂದು. ತೆಗಿ ಪೆನ್ನು!”

ಕೊಟ್ಟೆ. ಕೊಡದೆ ಏನು ಮಾಡಲಿ? ನನ್ನ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ‘ಇದು ನನ್ನ ಅಂಗಿ.’ ಹೊಸ ಚೀಟಿ ಅಂಟಿಸೋಣ ಎಂದಳು ಗೆಳತಿ. ಚಿಕ್ಕಮ್ಮ ಸುತಾರಾಂ ಒಪ್ಪಲಿಲ್ಲ. ಹೊಡೆದುಹಾಕಿದ್ದೂ ನಾಲ್ಕು ಜನಕ್ಕೆ ಕಾಣಲಿ ಎಂದಳು. ನನಗೆ ಕೋಪ ಬಂತು, ಸುಳ್ಳೇಕೆ ಹೇಳಲಿ. ಮೂರು ದಿನ ಅವಳಿಗೆ ಫೋನು ಮಾಡಲಿಲ್ಲ.

ಈಗ ಕೈ ತೊಳೆದು ಬಂದು ಮೊಬೈಲಿನಲ್ಲಿ ಆ ಫೋಟೋ ಮತ್ತೆ ತೆಗೆದು ನೋಡಿದೆ. ಬಟ್ಟೆ ಓದಿದ್ದೆ, ಬೆರಳು ಓದಿದ್ದೆ, ಕ್ರೇಟನ್ನೂ ಬಿಟ್ಟಿರಲಿಲ್ಲ. ಮುಖವನ್ನು ಮಾತ್ರ ನೋಡಿಯೇ ಇರಲಿಲ್ಲ. ಚಿಕ್ಕಮ್ಮ ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ಗಂಡ ಸತ್ತವಳು ಹಾಗೆ ನಗುವುದಿಲ್ಲವೆಂದು ನನಗೆ ಯಾರು ಹೇಳಿಕೊಟ್ಟಿದ್ದರೋ!