ಇಟಲಿಯ ವೈನಿಗೆ ಒಂದು ಚಮಚ ಸಕ್ಕರೆ

ರಿಯಾಯಿತಿ ಎಂಬ ಬೋರ್ಡು ಕಂಡರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಹಾಗೆ ತಂದ ಒಂಟಿ ಕಿವಿಯ ಬಾಣಲೆ, ಮನೆಯಲ್ಲಿ ಯಾರ ಕಾಲಿಗೂ ಆಗದ ಬೂಟು ಎಲ್ಲವೂ ಅಟ್ಟದ ಮೇಲೆ ಸುಖವಾಗಿವೆ. ಆದರೆ ಈ ಡಿಸೆಂಬರಿನಲ್ಲಿ ಇಂದಿರಾನಗರದ ರಿಯಾಯಿತಿ ಅಂಗಡಿಯೊಂದರಿಂದ ತಂದ ಇಟಲಿಯ ಕೆಂಪು ವೈನಿನ ಬಗ್ಗೆ ಮಾತ್ರ ನಾನು ತಲೆ ಎತ್ತಿ ಮಾತಾಡಬಲ್ಲೆ.

ವೈನು ನನಗೆ ತಿಳಿದ ವಿಷಯವಲ್ಲ, ದ್ರಾಕ್ಷಿ ಗೊತ್ತು. ಕೆ.ಆರ್. ಪುರದ ಆಚೆ ನಮ್ಮಪ್ಪನಿಗೆ ಕಪ್ಪು ದ್ರಾಕ್ಷಿಯ ತೋಟವಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ದ್ರಾಕ್ಷಿ ಅದರ ಹೆಸರಲ್ಲಷ್ಟೇ ಉಳಿದಿದೆ. ಬೆಳೆದವರು ನಾವು, ಕುಡಿದವರು ಬೇರೆಯವರು. ನಮ್ಮ ವೈದ್ಯರು ದ್ರಾಕ್ಷಿಯನ್ನು ಹುಳಿಸಿ, ಆಸವವೆಂದು ಹೆಸರಿಟ್ಟು, ಊಟವಾದ ಮೇಲೆ ಎರಡು ಚಮಚ ಎಂದರು. ಮಡಿವಂತರೂ ಕಣ್ಣು ಮುಚ್ಚಿ ಕುಡಿದರು. ಅದನ್ನೇ ಉದ್ದ ಕತ್ತಿನ ಬಾಟಲಿಗೆ ತುಂಬಿದರೆ ಮುಖ ತಿರುಗಿಸುತ್ತಾರೆ. ಮಡಿ ಮೈಲಿಗೆಯೆಲ್ಲ ಬಾಟಲಿಯ ಆಕಾರದಲ್ಲಿದೆ ಎಂದು ನನ್ನ ಗುಮಾನಿ.

ನನಗೆ ಗೊತ್ತಿದ್ದ ಒಂದೇ ವೈನು ಪಕ್ಕದ ಮನೆಯದು. ಜೀವನ್ ಬಿಮಾ ನಗರದಲ್ಲಿ ನಮ್ಮ ಗೋಡೆಗೆ ಅವರ ಗೋಡೆ ತಾಗಿಕೊಂಡಿರುವ ಆಂಟನಿ, ವಿಮಾನ ಕಾರ್ಖಾನೆಯಲ್ಲಿ ನನ್ನ ಜೊತೆಗೇ ದುಡಿದು ನಿವೃತ್ತರಾದವರು. ಅವರ ಹೆಂಡತಿ ಲಿಲ್ಲಿ ಅಕ್ಕ ಪ್ರತಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನು ಹಾಕುತ್ತಿದ್ದರು. ಕಲ್‌ಕಲ್, ರೋಸ್ ಕುಕ್ಕಿಯಂಥ ಕರಿದ ಸಿಹಿತಿಂಡಿಗಳ ತಟ್ಟೆಯ ಜೊತೆ ಒಂದು ಪುಟ್ಟ ಬಾಟಲಿ ನಮಗೆ ಬರುತ್ತಿತ್ತು. ತಟ್ಟೆಯನ್ನು ಖಾಲಿ ಕಳಿಸಬಾರದಲ್ಲ, ಸಂಕ್ರಾಂತಿಯ ಎಳ್ಳು ಬೆಲ್ಲ ತುಂಬಿಕೊಂಡು ಅದು ವಾಪಸ್ಸು ಹೋಗುತ್ತಿತ್ತು.

ಈ ವರ್ಷದ ಮಳೆಗಾಲದಲ್ಲಿ ಲಿಲ್ಲಿ ಅಕ್ಕ ತೀರಿಕೊಂಡರು. ಆಮೇಲೆ ಆಂಟನಿ ಬಾಗಿಲು ತೆಗೆಯುವುದೇ ಅಪರೂಪವಾಯಿತು. ತೆಗೆದರೂ ನೀರು ಬಂತಾ, ಕರೆಂಟು ಹೋಯಿತಾ ಎಂಬಷ್ಟೇ ಮಾತು. ಅಕ್ಕನ ಹೆಸರನ್ನು ಅವರು ಎತ್ತುವುದಿಲ್ಲ, ನೋವಾದೀತೆಂದು ನಾವೂ ಎತ್ತುವುದಿಲ್ಲ. ಇಷ್ಟು ವರ್ಷದ ಸಲಿಗೆ ಹೀಗೇ ಸದ್ದಿಲ್ಲದೆ ಮುಗಿದುಹೋಗುತ್ತದೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಈ ಸಲ ಕ್ರಿಸ್‌ಮಸ್‌ಗೆ ವೈನು ನಾವೇ ತಗೊಂಡು ಹೋಗೋಣ ರೀ," ಎಂದಳು ನನ್ನ ಹೆಂಡತಿ ಸರೋಜ.

ಹಾಗಾಗಿ ಆ ಅಂಗಡಿಗೆ ಹೋದೆ. ಒಂದು ಬಾಟಲಿಯ ಬೆನ್ನ ಮೇಲೆ ಕರಿ ಚೆರ್ರಿ, ಹೊಗೆ, ಹಳೆಯ ಚರ್ಮದ ಪರಿಮಳ ಎಂದು ಬರೆದಿತ್ತು. ಹಳೆಯ ಚರ್ಮದ ಪರಿಮಳ ಶಿವಾಜಿನಗರದ ಚಪ್ಪಲಿ ಅಂಗಡಿಗಳ ಮುಂದೆ ಬಿಟ್ಟಿ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಲು ಮನಸ್ಸಾಗಲಿಲ್ಲ. ಕೊನೆಗೆ ದ್ರಾಕ್ಷಿ ತೋಟದ ಚಿತ್ರವಿದ್ದ ಇಟಲಿಯದೊಂದು ಕಂಡಿತು. ಲೇಬಲ್ಲಿನ ಮೂಲೆ ಹರಿದಿದೆಯೆಂದು ಬೆಲೆ ಅರ್ಧಕ್ಕಿಳಿದಿತ್ತು. ಚಿತ್ರದಲ್ಲಿ ಬಳ್ಳಿ ಕಟ್ಟಿದ ರೀತಿ ನಮ್ಮಪ್ಪನೂ ಒಪ್ಪುವಂತಿತ್ತು. ತಜ್ಞರು ವೈನು ಆರಿಸುವ ಕ್ರಮ ಇದಲ್ಲವಂತೆ.

ಕ್ರಿಸ್‌ಮಸ್ ಮಧ್ಯಾಹ್ನ ಆಂಟನಿಯ ಊಟದ ಮೇಜಿಗೆ ಮೂವರೂ ಕೂತೆವು. ಸ್ಟೀಲ್ ಲೋಟಗಳಿಗೆ ಬಗ್ಗಿಸಿದೆ. ಒಂದೇ ಗುಟುಕಿಗೆ ಮೂವರ ಮುಖವೂ ಹುಣಸೆಕಾಯಿ ಕಚ್ಚಿದಂತಾಯಿತು.

"ಮುನಿರಾಜು, ಇದು ಕೆಟ್ಟೋಗಿದೆಯಪ್ಪ. ಅದಕ್ಕೇ ಅರ್ಧ ರೇಟಿಗೆ ಕೊಟ್ಟಿದಾನೆ," ಎಂದರು ಆಂಟನಿ.

ಇಟಲಿಯವರು ಕೇಳಿದ್ದರೆ ನೊಂದುಕೊಳ್ಳುತ್ತಿದ್ದರು. ವೈನು ಚೆನ್ನಾಗಿಯೇ ಇತ್ತಂತೆ. ಆ ಬೆಲೆಗೆ ಅದು ಸಿಕ್ಕಿದ್ದು ಅದೃಷ್ಟವೆಂದು ತಿಳಿದವರೊಬ್ಬರು ಆಮೇಲೆ ಹೇಳಿದರು. ಆದರೆ ಲಿಲ್ಲಿ ಅಕ್ಕನ ಕೈರುಚಿಯಲ್ಲಿ ವೈನು ಕಲಿತ ನಮಗೆ ಸಿಹಿಯಿಲ್ಲದ್ದು ವೈನೇ ಅಲ್ಲ. ಸರೋಜ ಎದ್ದುಹೋಗಿ ಸಕ್ಕರೆ ಡಬ್ಬ ತಂದು, ಲೋಟಕ್ಕೊಂದು ಚಮಚ ಹಾಕಿ ಕದಡಿದಳು.

ಆಂಟನಿ ಮತ್ತೆ ರುಚಿ ನೋಡಿ ತಲೆ ಅಲ್ಲಾಡಿಸಿದರು. "ಹಿಂಗಲ್ಲಮ್ಮ. ಲಿಲ್ಲಿ ಸಕ್ಕರೆನ ಕೆಂಪಗೆ ಸುಟ್ಟು ಹಾಕ್ತಿದ್ಲು. ಲವಂಗ, ಚಕ್ಕೆ, ಆಮೇಲೆ ಒಂದು ಹಿಡಿ ಗೋಧಿ. ಗೋಧಿ ಯಾಕೆ ಅಂತ ಕೇಳಿದ್ರೆ ಬೈತಿದ್ಲು."

ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಹೆಸರು ಇಷ್ಟು ಸಲೀಸಾಗಿ ಹೊರಬಿದ್ದದ್ದಕ್ಕೆ ಅವರೇ ಬೆಚ್ಚಿದಂತಿತ್ತು. ಆಮೇಲೆ ಮಾತು ನಿಲ್ಲಲಿಲ್ಲ. ಅಕ್ಕನ ಬೈಗುಳ, ಮದುವೆಯ ದಿನ ಹಲಸೂರಿನಲ್ಲಿ ಕೆಟ್ಟು ನಿಂತ ಕಾರು, ಆಸ್ಪತ್ರೆಯ ಕೊನೆಯ ವಾರ ಎಲ್ಲವೂ ಬಂತು. ನಕ್ಕರು, ಅತ್ತರು. ನಾವೂ ಅತ್ತೆವು.

ನನಗೆ ಈಗ ಅನ್ನಿಸುತ್ತದೆ, ನಾಲಿಗೆಗೆ ಹಿಡಿಸುವ ವೈನು ಕೊಟ್ಟಿದ್ದರೆ ಆಂಟನಿ ಮರ್ಯಾದೆಗೆ ಹೊಗಳಿ, ಕೈ ಕುಲುಕಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ದುಃಖದಲ್ಲಿರುವವರ ಮನೆಗೆ ತೀರಾ ಒಪ್ಪವಾದದ್ದನ್ನು ಒಯ್ಯಬಾರದು; ತಪ್ಪು ಹುಡುಕಲು ಏನಾದರೂ ಇರಬೇಕು.

ಹೊರಡುವಾಗ ಅವರು ಗೇಟಿನವರೆಗೆ ಬಂದರು. "ಬಾಟ್ಲಿ ಇನ್ನೂ ಅರ್ಧ ಇದೆ ಮುನಿರಾಜು," ಎಂದರು. "ನಾಳೇನೂ ಬನ್ನಿ, ಬೈಕೊಂಡು ಕುಡಿಯೋಣ."